ದಸ್ತಿಯ ಕೆಳಗಿನ ಧಾರಣೆ

ಭಾಲ್ಕಿ ಪೇಟೆಯಲ್ಲಿ ತೊಗರಿಯ ನಿಜವಾದ ಧಾರಣೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ದಲಾಲನೂ ಕೊಳ್ಳುವವನೂ ಹೆಗಲ ಮೇಲಿನ ಬಟ್ಟೆಯಾದ ದಸ್ತಿಯ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ವ್ಯವಹಾರ ಮುಗಿಸುತ್ತಿದ್ದರು. ಆಮೇಲೆ ರೈತನ ಮುಂದೆ ಕೂಗುವ ಧಾರಣೆ ಬೇರೆಯೇ.

ಭಾತಂಬ್ರಾದ ಹಾವಗೆಪ್ಪನಿಗೆ ಆ ಬೆರಳಿನ ಹಿಡಿತಗಳನ್ನು ಕಲಿಸಿದವನು ಅವನ ಸೋದರಮಾವ, ದಲಾಲ ಮಡೆಪ್ಪ. ಕಲಿಸುವ ಮೊದಲು ಕೊರಳಿನ ಲಿಂಗ ಮುಟ್ಟಿಸಿ, ಇದು ನಮ್ಮವರ ಅನ್ನ, ಯಾರ ಮುಂದೆಯೂ ಬಿಡಿಸಬೇಡ ಎಂದು ಆಣೆ ಹಾಕಿಸಿದ್ದ.

ಹೈದರಾಬಾದಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದ ಹಾವಗೆಪ್ಪ, ಬೀದರಿನ ಗೆಳೆಯ ಯೂಸುಫನೊಡನೆ ಸೇರಿ ಆ ಎರಡು ಧಾರಣೆಗಳ ಮೇಲೆಯೇ ಪ್ರಬಂಧ ಬರೆದ. ಧಾರಣೆ ಬರೆದರೆ ಹಿಡಿತ ತೋರಿಸಿದಂತಾಗದು ಎಂದುಕೊಂಡಿದ್ದ. ಪ್ರಬಂಧ ಒಪ್ಪಿಗೆಯಾದರೆ ಇಬ್ಬರಿಗೂ ಓದಲು ಸಿಗುತ್ತಿದ್ದ ಸಹಾಯಧನ, ವಜೀಫಾ, ಮುಂದುವರಿಯುತ್ತಿತ್ತು. ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿದಂತೆ.

ಆ ವರ್ಷ ವಿಶ್ವವಿದ್ಯಾಲಯದ ಗೋಷ್ಠಿ ಬೀದರಿನಲ್ಲೇ ನಡೆಯಿತು. ಅಳಿಯ ಮಾತಾಡುವುದನ್ನು ನೋಡಲು ಮಡೆಪ್ಪ ಭಾಲ್ಕಿಯ ನಾಲ್ಕಾರು ದಲಾಲರೊಡನೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಆಗ ವಿಶ್ವವಿದ್ಯಾಲಯದ ಭಾಷೆಯಾಗಿದ್ದ ಉರ್ದುವಿನಲ್ಲಿ ಯೂಸುಫ ಚೆನ್ನಾಗಿಯೇ ಓದಿದ. ಓದು ಮುಗಿದ ಮೇಲೆ ಹಿರಿಯ ಪ್ರಾಧ್ಯಾಪಕರು ಸಮಾಧಾನದಿಂದಲೇ ಕೇಳಿದರು: ಒಳಗಿನ ಧಾರಣೆ ನಿಮಗೆ ತಿಳಿದದ್ದು ಹೇಗೆ? ದಸ್ತಿಯ ಕೆಳಗೆ ನಾನೇ ಕೈ ಕೊಟ್ಟು ಎಂದ ಹಾವಗೆಪ್ಪ. ಹಾಗಾದರೆ ಯಾವ ಹಿಡಿತಕ್ಕೆ ಯಾವ ಬೆಲೆ, ತೋರಿಸಿ, ಇಲ್ಲದಿದ್ದರೆ ಯಾವ ಅಂಕಿಯನ್ನಾದರೂ ಯಾರು ಬೇಕಾದರೂ ಬರೆಯಬಹುದಲ್ಲ ಎಂದರು.

“ರಾತ್ರಿ ಕನಸಿನ್ಯಾಗ ಬಿದ್ದಾವೇನ್ರಿ ಈ ಧಾರಣಿ?” ಎಂದು ಔರಾದಿನ ವಿದ್ಯಾರ್ಥಿಯೊಬ್ಬ ಕನ್ನಡದಲ್ಲೇ ಕುಟುಕಿದ. ಕೆಲವರು ನಕ್ಕರು.

ಹಾವಗೆಪ್ಪ ಹಿಂದಿನ ಸಾಲಿನತ್ತ ನೋಡಿದ. ಮಾವ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಮಡೆಪ್ಪ ಎಡಬಲದ ದಲಾಲರನ್ನು ನೋಡಿ ಕಣ್ಣು ನೆಲಕ್ಕಿಳಿಸಿದ. ಹಾವಗೆಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ಶಿವನೇ, ಮೋಸ ಕಾಯುವ ಆಣೆಯೂ ಆಣೆಯೇ? ತೋರಿಸಬೇಕಿದ್ದ ಬೆರಳುಗಳು ಲಿಂಗವನ್ನೇ ಬಿಗಿಯಾಗಿ ಹಿಡಿದವು.

“ಹೇಳೋ ಹಾವಗ್ಯಾ,” ಯೂಸುಫ ಪಿಸುಗುಟ್ಟಿದ. “ನನಗಾದ್ರೂ ಹೇಳಿದ್ರ ನಾ ಹೇಳ್ತಿದ್ದೆ.”

ಪ್ರಾಧ್ಯಾಪಕರು ಒಪ್ಪಿಗೆ ಬರೆಯದೆಯೇ ಕಾಗದಗಳನ್ನು ಬದಿಗಿಟ್ಟು, ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ಯೂಸುಫ ಬೈಯಲಿಲ್ಲ. “ನಿನ್ನ ದೇವರ ಆಣೆಗೆ ನಾ ಅಡ್ಡ ಬರಂಗಿಲ್ಲ. ಆದ್ರ ಮನಿಗೆ ಹೋಗಿ ಅಮ್ಮಿಗೆ ಏನ ಹೇಳ್ಲಿ?” ಎಂದಷ್ಟೇ ಕೇಳಿ ಕೋಟೆಯ ದಾರಿ ಹಿಡಿದ.

ಬೇವಿನ ನೆರಳಲ್ಲಿ ಮಡೆಪ್ಪ ಕಾಯುತ್ತಿದ್ದ. ಹತ್ತಿರ ಬಂದವನೇ ಹೆಗಲ ದಸ್ತಿ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಅಳಿಯನ ಕೈ ಹಿಡಿದ. ಬೆರಳನ್ನಲ್ಲ, ಇಡೀ ಕೈಯನ್ನು. ಅಂಥ ಹಿಡಿತವನ್ನು ಅವನು ಕಲಿಸಿರಲಿಲ್ಲ.

“ಮಾಮಾ, ಇದೇನರಿ? ಬಾಯಿಲೆ ಹೇಳ್ರಿ.”

ಮಡೆಪ್ಪನ ತುಟಿ ಅಲುಗಿತು. “ಬಾಯಿಲೆ ಹೇಳೂದು ನನಗ ಎಲ್ಲಿ ಬರ್ತದೋ, ತಮ್ಮಾ.”

ಹಾವಗೆಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡು ಯೂಸುಫ ಹೋದ ದಾರಿಯಲ್ಲಿ ನಡೆದ. ದಸ್ತಿ ಹೊದಿಸಿದಂತೆಯೇ ಇತ್ತು. ಅದರ ಕೆಳಗೆ ಮಾವನದೊಂದೇ ಕೈ.