ಪುಸ್ತಕ ತೆಗೆದು ನೋಡ್ರಿ

ಬೆಳಗಾವಿಯ ನಮ್ಮ ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಸಾರ್ವಜನಿಕರಿಗಾಗಿ ಒಂದು ಆರೋಗ್ಯ ಮಾಹಿತಿ ಕೌಂಟರ್ ಇದೆ. ತಪಾಸಣೆಗೆ ಬಂದ ಸಮಿತಿ ಅಂಥದೊಂದು ಇರಬೇಕು ಎಂದಿತು, ಆದ್ದರಿಂದ ಇದೆ. ಸಾರ್ವಜನಿಕರು ಸುಲಭವಾಗಿ ಬಂದು ತೊಂದರೆ ಕೊಡಬಾರದೆಂದು ಅದನ್ನು ಮೂರನೇ ಮಹಡಿಯಲ್ಲಿ, ಹಳೆಯ ಜರ್ನಲ್‌ಗಳ ಕಪಾಟಿನ ಹಿಂದೆ ಇಟ್ಟಿದ್ದಾರೆ. ಅಲ್ಲಿ ಕೂರುವವಳು ನಾನು.

ಕೌಂಟರಿನ ನಿಯಮ ಒಂದೇ: ಪುಸ್ತಕದಲ್ಲಿರುವುದನ್ನು ಓದಿ ಹೇಳಬಹುದು, ವಿವರಿಸಬಾರದು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಬರುವವರಿಗೆ ಇಂಗ್ಲಿಷ್ ಬರುವುದಿಲ್ಲ. ಹೀಗಾಗಿ ಯಾರಿಗೂ ಏನೂ ತಿಳಿಯದಂತೆ ಸೇವೆ ಸುಸೂತ್ರವಾಗಿ ನಡೆದಿತ್ತು. ಮಾಹಿತಿಗೂ ಸಲಹೆಗೂ ಇರುವ ವ್ಯತ್ಯಾಸವನ್ನು ನಾನು ಗ್ರಂಥಾಲಯ ವಿಜ್ಞಾನ ಓದಿದ ಸಂಜೆ ಕಾಲೇಜಿನಲ್ಲಿ ಕಲಿಸಿದ್ದರು. ಆ ದಿನ ಕರೆಂಟ್ ಹೋಗಿತ್ತು. ನನಗದು ಪೂರ್ತಿ ತಿಳಿದಿದೆಯೋ ಇಲ್ಲವೋ ಎಂಬ ಅನುಮಾನ ಇಂದಿಗೂ ಇದೆ.

ಮೊನ್ನೆ ಖಾನಾಪುರ ತಾಲೂಕಿನ ಹಲಸಿಯಿಂದ ಶಿವಲಿಂಗವ್ವ ಬಂದರು. ಹಿಂದೆ ಬಸುರಿ ಸೊಸೆ ಪದ್ಮಶ್ರೀ. ಇಬ್ಬರೂ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಿದ್ದರು. ಶಿವಲಿಂಗವ್ವ ಚೀಲದಿಂದ ತೆಂಗಿನಕಾಯಿ, ಎಲೆ ಅಡಿಕೆ ತೆಗೆದು ನನ್ನ ಕಂಪ್ಯೂಟರಿನ ಮುಂದೆ ಇಟ್ಟರು.

“ಇದ್ಯಾಕ್ರಿ ಅವ್ವಾರ?”

“ಪುಸ್ತಕ ತೆಗಸಾಕ ಬರಿಗೈಲೆ ಬರತಾರೇನ್ರಿ ಅಕ್ಕಾರ? ಊರಾಗ ಅಯ್ಯಾರು ಪಂಚಾಂಗ ತೆಗೀಬೇಕಾದ್ರೂ ಕಾಯಿ ಇಡತೀವಿ. ನಿಮ್ಮವು ಅದಕ್ಕಿಂತ ದಪ್ಪ ಅದಾವು.”

ಸೊಸೆಗೆ ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ನುಂಗುತ್ತ ಚೆನ್ನಾಗಿದ್ದಳು. ಮಾತ್ರೆಯ ಕಾವು ಕೂಸಿಗೆ ತಾಗುತ್ತದೆಂದು ಪಕ್ಕದ ಮನೆಯವಳು ಹೇಳಿದ ಮೇಲೆ ಅತ್ತೆ ಮಾತ್ರೆಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡಿದ್ದರು. ಕೆಳಗೆ ಆಸ್ಪತ್ರೆಯ ಓಪಿಡಿಯಲ್ಲಿ ಡಾಕ್ಟರ್, ನಿಲ್ಲಿಸಲೇಬೇಡಿ ಎಂದಿದ್ದರು.

“ಆ ಡಾಕ್ಟರಗ ಇನ್ನ ಮೀಸಿ ಸೈತ ಬಂದಿಲ್ಲ. ಅಂವಾ ಓದಿದ್ದು ಇಲ್ಲೇ ಹೌದಲ್ರಿ? ಮೂಲ ಪುಸ್ತಕದಾಗ ಏನೈತಿ ನೀವ ನೋಡಿ ಹೇಳ್ರಿ. ಬಿಡು ಅಂತ ಇದ್ರ ಇವತ್ತ ಗಟಾರಕ್ಕ ಒಗೀತೀನಿ.”

“ನಿನ್ನೆಯಿಂದ ಗುಳಿಗಿ ತಗೊಂಡಿಲ್ರಿ,” ಎಂದಳು ಪದ್ಮಶ್ರೀ. “ಬಸ್ಸಿನ್ಯಾಗ ಕೈ ನಡಗಾಕತ್ತಿತ್ತು.”

“ಆ ಬಸ್ಸಿನ್ಯಾಗ ಯಾರ ಕೈ ನಡಗೂದಿಲ್ಲ ಹೇಳು.”

ಪುಸ್ತಕ ತಂದು ಆ ಭಾಗವನ್ನು ಇಂಗ್ಲಿಷಿನಲ್ಲಿ ಓದಿದೆ. ಎರಡು ಕಡೆ ಉಚ್ಚಾರ ತಪ್ಪಿತೆನಿಸಿ ಮತ್ತೆ ಓದಿದೆ. ಶಿವಲಿಂಗವ್ವ ಕೈಮುಗಿದು, ಕಣ್ಣು ಮುಚ್ಚಿ ಕೇಳಿದರು.

“ಮಂತ್ರ ಆತು. ಈಗ ಅರ್ಥ ಹೇಳ್ರಿ.”

ಅರ್ಥ ಹೇಳಿದರೆ ವಿವರಣೆಯಾಗುತ್ತದೆ. ಮುಖ್ಯ ಗ್ರಂಥಪಾಲಕ ಶಾಂತಿನಾಥ ಸರ್ ಕಪಾಟಿನ ಆಚೆ, ಯಾರೂ ಮುಟ್ಟದ ಜರ್ನಲ್‌ಗಳನ್ನು ನೇರ ಮಾಡುತ್ತ ನಿಂತಿದ್ದರು. ಹೇಳದಿದ್ದರೆ ಮಾತ್ರೆ ಗಟಾರಕ್ಕೆ. ಪುಸ್ತಕದ ಆ ಸಾಲು ಬದಲಾಗಿರಬಹುದೇ ಎಂದು ಇನ್ನೊಮ್ಮೆ ನೋಡಿದೆ. ಬದಲಾಗಿರಲಿಲ್ಲ.

“ಬಸುರಿದ್ದಾಗ ಫಿಟ್ಸಿನ ಗುಳಿಗಿ ನಾವಾಗೇ ಬಿಡಬಾರದ್ರಿ. ಬಿಟ್ರ ತಾಯಿ ಜೀವಕ್ಕೂ ಕೂಸಿನ ಜೀವಕ್ಕೂ ಧೋಕಾ ಐತಿ. ಬದಲ ಮಾಡೂದಿದ್ರ ಡಾಕ್ಟರ ಮಾಡಬೇಕು.”

“ಪುಸ್ತಕದಾಗ ಹಂಗ ಐತಿ?”

“ಹಂಗ ಐತ್ರಿ.”

“ಆ ಹುಡುಗನೂ ಇದನ್ನ ಅಂದಿದ್ದ.”

“ಅವರೂ ಇದನ್ನ ಓದ್ಯಾರ್ರಿ.”

“ಹಂಗಾರ ಖರೇ ಹೇಳ್ಯಾನ,” ಎಂದು ಶಿವಲಿಂಗವ್ವ ವೈದ್ಯಶಾಸ್ತ್ರವನ್ನು ಪಾಸು ಮಾಡಿದರು. ಚೀಲದ ತಳದಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಸೊಸೆಯ ಕೈಗಿಟ್ಟರು. “ನುಂಗಾಕ ಯಾವ ಹೊತ್ತು ಚಲೋ ಐತಿ, ಅದನ್ನೂ ನೋಡ್ರಿ.”

“ಅದು ಕೆಳಗಿನ ಡಾಕ್ಟರ ಕಡೆ ಐತ್ರಿ. ನಿನ್ನೆಯಿಂದ ಗುಳಿಗಿ ತಪ್ಪೈತಿ ಅಂತ ಹೇಳಿ ಕೇಳ್ರಿ. ಈಗ ಹೋಗ್ರಿ.”

ಇದು ಸಲಹೆಯೋ ಮಾಹಿತಿಯೋ ಎಂದು ನಾನು ಯೋಚಿಸುವಷ್ಟರಲ್ಲಿ ಪದ್ಮಶ್ರೀ ಮೆಟ್ಟಿಲ ಹತ್ತಿರ ಇದ್ದಳು, ಸ್ಟ್ರಿಪ್ ಮುಷ್ಟಿಯಲ್ಲಿತ್ತು. ಅತ್ತೆ ಎರಡೂ ಜೋಡಿ ಚಪ್ಪಲಿ ಹಿಡಿದು ಹಿಂದೆಯೇ ಹೋದರು.

ಶಾಂತಿನಾಥ ಸರ್ ಬಂದರು. “ಅರ್ಥ ಹೇಳಿದ್ದು ಕೇಳಿಸ್ತು. ಅದಕ್ಕ ಏನ ಕ್ರಮ ತಗೋಬೇಕು, ನಿಯಮದ ಪುಸ್ತಕ ತೆಗೆದು ನೋಡತೀನಿ.”

ನಾನು ತೆಂಗಿನಕಾಯಿಯನ್ನು ಮೆಲ್ಲಗೆ ಅವರ ಕಡೆ ಸರಿಸಿದೆ.