ಒಳಕೋಣೆಯ ಕಿಂಡಿ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದಂತೆ. ಉಮರ್ಗಾದಲ್ಲಿ ಚಳಿ ಓಡಿದ್ದೇ ತಡ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ವೀರಭದ್ರನ ಕೂಲರ್ ಅಂಗಡಿಯ ಮುಂದೆ ಜನ ಬಂದು ನಿಲ್ಲುತ್ತಿದ್ದರು. ಯೆಣೆಗೂರಿನ ಧಾಬಾದವರು, ಲಗ್ನ ಹಿಡಿದ ಮನೆಯವರು, ಹೊಸದಾಗಿ ಸ್ಲ್ಯಾಬ್ ಮನೆ ಕಟ್ಟಿಕೊಂಡು ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಿರುವವರು. ಬಂದವರಿಗೆಲ್ಲ ವೀರಭದ್ರ ಕೂಲರಿನ ಜೊತೆಗೆ ಒಂದು ಪಾಠವನ್ನೂ ಪುಕ್ಕಟೆ ಹೇಳಿ ಕಳಿಸುತ್ತಿದ್ದ.

"ಕೂಲರ ಹಚ್ಚಿ ಬಾಗಲಾ ಕಿಡಕಿ ಮುಚ್ಚಬ್ಯಾಡ್ರಿ. ತಂಪ ಹವಾ ಒಳಗ ಬರಬೇಕಂದ್ರ ಬಿಸಿ ಹವಾ ಹೊರಗ ಹೋಗ್ಬೇಕು. ಹಿಂದಿನ ಕೋಣಿಗಿ ತಂಪ ಮುಟ್ಟವಲ್ದೇನು? ಆ ಕೋಣಿ ಗ್ವಾಡಿಗಿ ಮ್ಯಾಲ ಒಂದು ಕಿಂಡಿ ಬಿಡ್ರಿ, ತಾನೇ ಮುಟ್ತದ. ಇಲ್ಲಂದ್ರ ಮನಿ ಇಡ್ಲಿ ಪಾತ್ರಿ ಆಗ್ತದ, ನೀವ್ ಇಡ್ಲಿ ಆಗ್ತೀರಿ."

ಜನ ನಗುತ್ತಿದ್ದರು, ಮನೆಗೆ ಹೋಗಿ ಕಿಂಡಿ ಹೊಡೆಸುತ್ತಿದ್ದರು. ಮುಂದಿನ ಕೋಣೆ, ಹಿಂದಿನ ಕೋಣೆ ಎರಡೂ ಒಂದೇ ಹದಕ್ಕೆ ಬರುತ್ತಿದ್ದವು. ಊರಿನ ಅರ್ಧ ಮನೆಗಳಲ್ಲಿ ಹೀಗೆ ಗಾಳಿ ಆಡಿಸಿದ ಈ ಮಹಾನುಭಾವನ ಸ್ವಂತ ಮನೆಯ ಕಥೆ ಇನ್ನು ಕೇಳಿ. ದೀಪದ ಬುಡದಲ್ಲಿ ಕತ್ತಲೆ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಅವನ ಮನೆಗೆ ಮುಂದೆ ಪಡಸಾಲೆ, ಪಕ್ಕಕ್ಕೆ ಅಡಿಗೆಮನೆ, ಹಿಂದೆ ಒಂದು ಒಳಕೋಣೆ. ಒಳಕೋಣೆಗೆ ಇದ್ದದ್ದು ಪಡಸಾಲೆಗೆ ತೆರೆಯುವ ಒಂದೇ ಬಾಗಿಲು. ಉಳಿದಂತೆ ಎಲ್ಲ ಮುಚ್ಚಿದ ಗೋಡೆ. ಕಿಟಕಿಯಿಲ್ಲ, ಜಾಳಿಯಿಲ್ಲ, ಬೆರಳು ತೂರುವಷ್ಟು ಸಂದೂ ಇಲ್ಲ. ಕಟ್ಟುವಾಗ ಗೌಂಡಿ ವೈಜಿನಾಥ, "ಮಾಲಕ, ಹಿಂದಿನ ಗ್ವಾಡಿಗಿ ಮ್ಯಾಲ ಒಂದು ಕಿಂಡಿನಾರ ಬಿಡೂನ್ರಿ" ಅಂತ ಗೋಗರೆದಿದ್ದ. "ನೀ ಇಟ್ಟಂಗಿ ಇಡು, ಶಾಣ್ಯಾತನ ಬ್ಯಾಡ" ಅಂತ ವೀರಭದ್ರ ಅವನ ಬಾಯಿ ಮುಚ್ಚಿಸಿದ್ದ. ಬೇಸಿಗೆಯಲ್ಲಿ ಪಡಸಾಲೆಯ ಕೂಲರಿನ ಮುಂದೆ ಕೂತವರಿಗೆ ಹೊದಿಕೆ ಬೇಕೆನಿಸುತ್ತಿತ್ತು. ಪರದೆ ಸರಿಸಿ ಒಂದು ಹೆಜ್ಜೆ ಒಳಗಿಟ್ಟರೆ ಮೈಯೆಲ್ಲ ಬೆವರು. ಮಗಳು ಕಾಜಲ ಸಣ್ಣವಳಿದ್ದಾಗ ಆ ಕೋಣೆಗೆ ಡಬ್ಬಿ ಅಂತಲೇ ಹೆಸರಿಟ್ಟಿದ್ದಳು.

ಹೀಗೇಕೆ ಅಂದರೆ ಅದಕ್ಕೊಂದು ಕಾರಣವಿತ್ತು, ಮತ್ತು ಅದು ನಗುವ ಕಾರಣವಲ್ಲ. ವೀರಭದ್ರ ಹುಟ್ಟಿ ಬೆಳೆದದ್ದು ಮಾಕಣಿಯ ಆಚೆಗಿನ ಹಳ್ಳಿಯಲ್ಲಿ, ಕಲ್ಲು ಮಣ್ಣಿನ ಮನೆಯಲ್ಲಿ. ಅಡಿಗೆಮನೆಯ ಹೊಗೆಗೆ ಕಣ್ಣು ಉರಿಯುತ್ತವೆಂದು ತಾಯಿ ಶಿವಕಾಂತಮ್ಮ ಗಂಡನಿಗೆ ಗಂಟುಬಿದ್ದು ಹಿಂದಿನ ಗೋಡೆಗೆ ಒಂದು ಕಿಂಡಿ ಹೊಡೆಸಿಕೊಂಡಳು. ಅದೇ ವರ್ಷ ಗಣಪತಿ ಕಳಿಸಿ ಬಂದು ಮಲಗಿದ ಊರು ಬೆಳಕು ಹರಿಯುವ ಮೊದಲೇ ನೆಲಕ್ಕೆ ಕೂತಿತು. ಭೂಕಂಪ. ಅಂಗಳದಲ್ಲಿ ಮಲಗಿದ್ದ ತಂದೆ ಮಗ ಉಳಿದರು. ಶಿವಕಾಂತಮ್ಮ ಆ ಗೋಡೆಯ ಕೆಳಗೇ ಸಿಕ್ಕಳು. ಆಮೇಲೆ ಬದುಕಿದಷ್ಟು ಕಾಲವೂ ತಂದೆ, "ನಾ ಆ ಕಿಂಡಿ ಹೊಡಿಬಾರದಿತ್ತು" ಎನ್ನುತ್ತಲೇ ಬದುಕಿದ. ಮಗ ಅದನ್ನು ಕೇಳುತ್ತಲೇ ಬೆಳೆದ.

ಹಾಲಿನಿಂದ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ವೀರಭದ್ರ ಊದುವುದಿರಲಿ, ಮಜ್ಜಿಗೆಯ ಗಡಿಗೆಯ ಮೇಲೆ ಬಂಡೆಯನ್ನೇ ಹೇರಿಟ್ಟಿದ್ದ. ಮಂದಿಯ ಗೋಡೆಗೆ ತೂತು ಹೊಡೆಸುವಾಗ ಅವನಿಗೆ ಅಂಜಿಕೆಯಿರಲಿಲ್ಲ. ಆ ಗೋಡೆಗಳ ಬುಡದಲ್ಲಿ ಅವನವರು ಮಲಗುತ್ತಿರಲಿಲ್ಲ.

ಕಾಜಲಳ ಲಗ್ನದ ಮಾತಿನಲ್ಲೂ ಈ ಅಂಜಿಕೆ ಬಂದು ಕೂತಿತ್ತು. ನಿಲಂಗಾದ ಹುಡುಗ ಋಷಿಕೇಶ ಗುಣವಂತ, ಹೊಲಮನೆ ಇದ್ದವರು, ಶಿವಭಕ್ತರ ಮನೆತನ. ಆದರೆ ಮನೆ ಹಳೆಯದು, ಮರದ ತೊಲೆಗಳ ಮೇಲೆ ಮಣ್ಣು ಹೇರಿದ ಮಾಳಿಗೆ. ಭೂಕಂಪಕ್ಕೆ ಅಲುಗಾಡಿಯೂ ನಿಂತ ಮನೆ ಅಂತ ಬೀಗರು ಹೆಮ್ಮೆಯಿಂದ ತೋರಿಸಿದರೆ ವೀರಭದ್ರನ ಮುಖ ಸುಣ್ಣವಾಯಿತು. "ನನ್ನ ಮಗಳು ಆ ಮಣ್ಣಿನ ಬುಡಕ ಮಲಗೂದಿಲ್ರಿ" ಎಂದ. ಪಾಪ, ಅವರು ಬೇಸರಪಡದೆ ಅಂಗಳದಲ್ಲಿ ಸ್ಲ್ಯಾಬಿನ ಹೊಸ ಕೋಣೆ ಹಾಕಿಸಿ ಅಕ್ಷತೆ ಹಾಕಿಸಿಕೊಂಡರು.

ಈ ಬೇಸಿಗೆಗೆ ಕಾಜಲಳ ಮೊದಲ ಹೆರಿಗೆ. ಮೊದಲ ಬಾಣಂತನ ತವರಿನದು, ತೊಟ್ಟಿಲ ಕಾರ್ಯವೂ ತವರಿನದು. ಅವಳ ತಾಯಿ ಮುಕ್ತಾಬಾಯಿ ಸಂಸಾರದಲ್ಲಿ ಏನನ್ನೂ ಬೇಡಿದವಳಲ್ಲ. ಆಗ ಮಾತ್ರ ಗಂಡನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು.

"ಕೇಳ್ರಿಲ್ಲಿ. ಕಾಜಲ ಬರೂದ್ರಾಗ ಒಳಗಿನ ಕೋಣಿಗಿ ಒಂದು ಕಿಂಡಿ ಮಾಡಸ್ರಿ. ಹೋಗೋ ಬರೋ ಮಂದಿ ಮುಂದ ಬಾಣಂತಿನ್ನ ಪಡಸಾಲ್ಯಾಗ ಮಲಗಸ್ಲಿಕ್ಕಿ ಆಗ್ತದೇನು? ಕೂಲರಿನ ಹಸೀ ಹವಾ ಎದಿಗಿ ಹೊಡಿಬಾರದು, ಒಳಗ ಕುದೀಬಾರದು. ನೀವೇ ಮಂದಿಗಿ ಹೇಳ್ತೀರಲ್ಲ."

"ಮಾಡಸೂನು ತಗೋ. ಸೀಜನ ಅದ, ಉದಗೀರಕ್ಕ ಹೋಗಿ ಮೋಟಾರ ತರೂದದ."

ಉದಗೀರಕ್ಕೆ ಹೋಗಿ ಬಂದ. ಮೋಟಾರು ಬಂದವು, ಕಿಂಡಿ ಬರಲಿಲ್ಲ. ಅಷ್ಟರಲ್ಲಿ ಕಾಜಲ ಬಂದಳು, ಹಡೆದಳು, ಹೆಣ್ಣು ಕೂಸು. ಮುಕ್ತಾಬಾಯಿ ತನ್ನ ಲಗ್ನದ ಹಸಿರು ಸೀರೆಯನ್ನು ಒಳಕೋಣೆಯ ಕೊಂಡಿಗೆ ಕಟ್ಟಿ ಝೋಳಿ ಮಾಡಿದಳು. ಕೂಸು ಅದರೊಳಗೆ ಮಲಗಿ ಬಾಯಿ ಚಪ್ಪರಿಸುವುದನ್ನು ವೀರಭದ್ರ ಅಂಗಡಿ ಬಿಟ್ಟು ಬಂದು ನಿಂತು ನೋಡುತ್ತಿದ್ದ. ಮೂಗು ಥೇಟ್ ಶಿವಕಾಂತಮ್ಮನದು ಅಂತ ಅವನಿಗೆ ಅನಿಸುತ್ತಿತ್ತು.

ಬಿಸಿಲು ಏರಿತು. ವೀರಭದ್ರ ಮಾಡದ ಉಪಾಯವಿಲ್ಲ. ಸ್ಲ್ಯಾಬಿನ ಮೇಲೆ ಸುಣ್ಣ ಹೊಡೆಸಿದ, ಹಸಿ ಗೋಣಿಚೀಲ ಹಾಸಿದ, ಟೇಬಲ್ ಫ್ಯಾನ್ ತಂದಿಟ್ಟ. ಫ್ಯಾನು ಬಿಸಿ ಗಾಳಿಯನ್ನೇ ಈ ಗೋಡೆಯಿಂದ ಆ ಗೋಡೆಗೆ ಸಾಗಿಸಿತು. ಕಿಂಡಿಯೊಂದನ್ನು ಬಿಟ್ಟು ಎಲ್ಲ ಮಾಡಿದ ಮೇಲೆ, ಯಾವುದನ್ನು ಗಿರಾಕಿಯೊಬ್ಬ ಮಾಡಿದ್ದರೆ ಇವನು ಬೈದು ಕಳಿಸುತ್ತಿದ್ದನೋ ಅದನ್ನೇ ಮಾಡಿದ. ಒಂದು ಹೊಸ ಕೂಲರನ್ನು ತಂದು ಆ ಮುಚ್ಚಿದ ಕೋಣೆಯೊಳಗೇ ಇಟ್ಟ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಸಂಜೆಯ ಹೊತ್ತಿಗೆ ಗೋಡೆಗಳೇ ಬೆವತವು, ಹಾಸಿಗೆ ಹಸಿಯಾಯಿತು, ಕಾಜಲಳಿಗೆ ಉಸಿರು ಕಟ್ಟಿದಂತಾಯಿತು. ಕೂಸಿನ ಕುತ್ತಿಗೆ, ಬೆನ್ನೆಲ್ಲ ಬೆವರುಸಾಲೆ ಎದ್ದು, ಮೈ ಕೆಂಡವಾಗಿ, ಹಾಲು ಕುಡಿಯುವುದನ್ನೇ ಬಿಟ್ಟಿತು.

ದವಾಖಾನೆಯಲ್ಲಿ ಡಾಕ್ಟರು ಕೂಸನ್ನು ಮುಟ್ಟಿ ನೋಡಿದರು, ಯಾವ ಕೋಣೆಯಲ್ಲಿ ಇಟ್ಟಿದ್ದೀರಿ ಅಂತ ಕೇಳಿದರು. ಮುಕ್ತಾಬಾಯಿ ಹೇಳಿದಳು. "ಇದಕ್ಕ ಔಷಧಕ್ಕಿಂತ ಹವಾ ಬೇಕ್ರಿ. ಆ ಕೋಣ್ಯಾಗ ಮತ್ತ ಇಡಬ್ಯಾಡ್ರಿ" ಅಂದರು ಡಾಕ್ಟರು.

ಮನೆಗೆ ಬಂದ ಮುಕ್ತಾಬಾಯಿ ಸೆರಗು ಸಿಗಿಸಿ ಗಂಡನ ಎದುರು ನಿಂತಳು. "ಇವತ್ತೇ ವೈಜಿನಾಥನ್ನ ಕರೀರಿ."

"ಮುಕ್ತಾ, ಆ ಗ್ವಾಡಿ ಬುಡಕೇ ಕೂಸು ಮಲಗ್ತದ. ಅದಕ್ಕ ಹ್ಯಾಂಗ ತೂತು ಹೊಡೀಲಿ ನಾ? ನಮ್ಮವ್ವ—"

"ಅತ್ತಿಯವರ ಮಾತ ನಂಗೂ ಗೊತ್ತದ. ಆವತ್ತು ನಿಮ್ಮೂರಾಗ ಕಿಂಡಿ ಇದ್ದ ಗ್ವಾಡಿನೂ ಬಿದ್ದಾವ, ಇಲ್ಲದ ಗ್ವಾಡಿನೂ ಬಿದ್ದಾವ. ಒಂದಾರ ನಿಂತಿತ್ತೇನು? ಹೇಳ್ರಿ."

ಇಷ್ಟು ವರ್ಷದಲ್ಲಿ ಈ ಮಾತನ್ನು ವೀರಭದ್ರನಿಗೆ ಯಾರೂ ಹೀಗೆ ಎದುರಿಗೆ ಆಡಿರಲಿಲ್ಲ, ಅವನೂ ತನಗೆ ತಾನು ಆಡಿಕೊಂಡಿರಲಿಲ್ಲ. ಅವಳು ಅಂದದ್ದು ಖರೆ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬಂದದ್ದು ಹಳೆಯ ಮಾತೇ. "ನಾಳಿಗಿ ನೋಡೂನು."

ಮರುದಿನ ಮುಂಜಾನೆ ಬಾಗಿಲಿಗೆ ಜೀಪು ಬಂದು ನಿಂತಿತು. ಕೂಸಿನ ಸುದ್ದಿ ಕೇಳಿ ಬಂದ ಅಳಿಯ ಋಷಿಕೇಶನ ತಾಯಿ ಸುಗಂಧಾ ಇಳಿದಳು. ಜಗಳಕ್ಕೆ ಬಂದಿದ್ದರೆ ವೀರಭದ್ರನೂ ನಾಲ್ಕು ಮಾತು ಆಡುತ್ತಿದ್ದನೋ ಏನೋ. ಆಕೆ ಜಗಳದ ಹೆಂಗಸಲ್ಲ. ಕೂಸಿನ ಬೆನ್ನು ನೋಡಿ, ಒಳಕೋಣೆಗೆ ಹೋಗಿ, ತಲೆಯೆತ್ತಿ ಗೋಡೆ ನೋಡಿ, ಹೊರಗೆ ಬಂದಳು.

"ಬೀಗರ, ತಪ್ಪ ತಿಳ್ಕೊಬ್ಯಾಡ್ರಿ. ತೊಟ್ಟಲಾ ಆಗೂತನಕ ಬಾಣಂತಿನ್ನ ಹೊಸ್ತಲಾ ದಾಟಸಬಾರದು, ನಂಗೂ ಗೊತ್ತದ. ಆದ್ರ ಕೂಸಿನ ಜೀವಕ್ಕಿಂತ ರೂಢಿ ದೊಡ್ಡದೇನ್ರಿ? ಇಬ್ಬರ್ನೂ ಕರಕೊಂಡು ಹೋಗ್ತೀನಿ."

"ನಿಮ್ಮ ಸ್ಲ್ಯಾಬಿನ ಕೋಣ್ಯಾಗ ಮಲಗಸ್ತೀರಲ್ರಿ?" ಅಂತ ವೀರಭದ್ರ ಕೇಳಿದ.

"ಈ ಬಿಸಲಾಗ ಅಲ್ಲಿ ಯಾರ ಇರ್ತಾರ್ರಿ? ಹಳೀ ಮಾಳಗ್ಯಾಗೇ. ಗ್ವಾಡಿ ದಪ್ಪ ಅವ, ಮ್ಯಾಲ ಬೆಳಕಿಂಡಿ ಅದ. ಹಗಲೆಲ್ಲಾ ತಂಪ ಇರ್ತದ."

"ಇರ್ರಿ, ಈಗಲೇ ಗೌಂಡಿನ್ನ ಕರೀತೀನಿ, ಇನ್ನೊಂದು ತಾಸು ತಡೀರಿ" ಅಂತ ವೀರಭದ್ರ ಅಂದಿದ್ದರೆ ಸಾಕಿತ್ತು. ಸುಗಂಧಾ ತಡೆಯುತ್ತಿದ್ದಳು, ಅಂಥ ಹೆಂಗಸು ಆಕೆ. ಮುಕ್ತಾಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ಗಂಡನ ಬಾಯನ್ನೇ ನೋಡುತ್ತಿದ್ದಳು. ಕಾಜಲಳೂ ಕೂಸನ್ನೆತ್ತಿಕೊಂಡು ನೋಡುತ್ತಿದ್ದಳು. ಅಂಗಡಿಯಲ್ಲಿ ಮಂದಿಗೆ ಪಾಠ ಹೇಳುತ್ತಿದ್ದ ಆ ನಾಲಿಗೆ ಆಗ ಏಳಲಿಲ್ಲ. ಅವನ ಕಣ್ಣಿಗೆ ಕಂಡದ್ದು ಒಂದು ಗೋಡೆ, ಅದರ ಕೆಳಗೆ ಹಸಿರು ಬಳೆಯ ಒಂದು ಕೈ. ಅದನ್ನು ಅವನು ಯಾರಿಗೂ ಹೇಳಿದವನಲ್ಲ, ಅವತ್ತೂ ಹೇಳಲಿಲ್ಲ. ತಲೆ ತಗ್ಗಿಸಿ ನಿಂತ.

ಮುಕ್ತಾಬಾಯಿ ಒಳಗೆ ಹೋಗಿ ಮಗಳ ಬಟ್ಟೆ ಗಂಟು ಕಟ್ಟಿದಳು. ಉಡಿ ತುಂಬಿದಳು. ಜೀಪು ನಿಲಂಗಾದ ರಸ್ತೆ ಹಿಡಿಯಿತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ತವರಿನಿಂದ ಬಾಣಂತಿ ತೊಟ್ಟಿಲು ಆಗದೆ ಹೋದಳು ಅನ್ನುವುದು ಆ ಓಣಿಯಲ್ಲಿ ಸಣ್ಣ ಮಾತಲ್ಲ. ಮುಕ್ತಾಬಾಯಿ ಅವರ ಕಣ್ಣು ತಪ್ಪಿಸಿ ಒಳಗೆ ಬಂದಳು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ವೀರಭದ್ರ ಉಲ್ಟಾ, ಎಲ್ಲರೂ ಹೋದ ಮೇಲೆ ತೆರೆಯಲು ಹೊರಟ. ಅಂಗಡಿಗೆ ಹೋಗದೆ ಸೀದಾ ವೈಜಿನಾಥನ ಮನೆಗೆ ಹೋಗಿ ಅವನನ್ನು ಎಬ್ಬಿಸಿಕೊಂಡು ಬಂದ. ಗೌಂಡಿ ಹಿಂದಿನ ಗೋಡೆಗೆ ಏಣಿ ಒರಗಿಸಿ ಛೇಣಿ ಇಟ್ಟು ಸುತ್ತಿಗೆ ಎತ್ತಿದ. ಮೊದಲ ಪೆಟ್ಟಿಗೆ ವೀರಭದ್ರ ಕಣ್ಣು ಮುಚ್ಚಿಕೊಂಡು ಗೋಡೆಗೆ ಎರಡೂ ಕೈ ಒತ್ತಿ ಹಿಡಿದ. ಬಿದ್ದರೆ ತನ್ನ ಮೇಲೆಯೇ ಬೀಳಲಿ ಅಂತ. ಗೋಡೆ ಬೀಳಲಿಲ್ಲ, ಬಿರುಕೂ ಬಿಡಲಿಲ್ಲ. ಮುಕ್ತಾಬಾಯಿ ತಂದಿಟ್ಟ ಚಹಾ ಆರುವುದರೊಳಗೆ ಕೆಲಸ ಮುಗಿಯಿತು.

"ಇಷ್ಟೇ ನೋಡ್ರಿ ಮಾಲಕ" ಅಂತ ವೈಜಿನಾಥ ಧೂಳು ಝಾಡಿಸಿಕೊಂಡ. ಅವನಿಗೇನು ಗೊತ್ತು, ಪಾಪ.

ಗೌಂಡಿ ಹೋದ ಮೇಲೆ ಕಾಜಲಳ ಫೋನು ಬಂತು.

"ಅಪ್ಪಾ, ಮುಟ್ಟೀವಿ. ಕೂಸು ಹಾಲು ಕುಡದದ, ಈಗ ಮಕ್ಕೊಂಡದ. ಇಲ್ಲಿ ಭಾಳ ತಂಪ ಅದ."

"ಹಾಸಗಿ ಬಾಗಲ ಕಡಿಗಿ ಹಾಕ್ಕೊ ಅವ್ವಾ. ಮಾಳಗಿ ನಡಬರಕ ಬ್ಯಾಡ."

"ಇಲ್ಲಪ್ಪಾ, ಬೆಳಕಿಂಡಿ ಬುಡಕೇ ಹಾಕ್ಯಾರ. ಹವಾ ಅಲ್ಲೇ ಬರ್ತದ."

ಅವನು ಹೂಂ ಅಂದ. ಕಿಂಡಿ ಹೊಡೆಸಿದೆ ಅಂತ ಹೇಳಬೇಕೆಂದಿದ್ದವನು ಹೇಳದೆಯೇ ಫೋನು ಇಟ್ಟ. ಯಾವ ಮಣ್ಣಿನ ಮಾಳಿಗೆಗೆ ಹೆದರಿ ಲಗ್ನದಲ್ಲಿ ಕರಾರು ಹಾಕಿದ್ದನೋ, ಅದರ ಕೆಳಗೆ ಮಗಳನ್ನೂ ಮೊಮ್ಮಗಳನ್ನೂ ತಾನೇ ಕಳಿಸಿದ್ದ. ಬೇರೆ ಯಾರೂ ಕಳಿಸಿರಲಿಲ್ಲ.

ಪಡಸಾಲೆಯ ಕೂಲರನ್ನು ಹಚ್ಚಿ ಒಳಕೋಣೆಗೆ ಬಂದು ನೆಲಕ್ಕೆ ಕೂತ. ಮೇಲಿನ ಬಿಸಿ ಗಾಳಿಗೆ ದಾರಿ ಸಿಕ್ಕಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲ ಪರದೆ ಒಳಮುಖವಾಗಿ ಉಬ್ಬಿತು, ತಂಪು ಗಾಳಿ ನೆಲ ಸವರಿಕೊಂಡು ಬಂದು ಗೋಡೆ ಹತ್ತಿ ಕಿಂಡಿಯತ್ತ ಹೊರಟಿತು. ಹಸಿರು ಸೀರೆಯ ಝೋಳಿ ಕೊಂಡಿಯಲ್ಲಿ ಇನ್ನೂ ಹಾಗೇ ಇತ್ತು. ಅದು ಮೆಲ್ಲಗೆ ಅಲುಗಿತು, ಆಮೇಲೆ ಯಾರೋ ಕೈಯಿಟ್ಟು ತೂಗಿದ ಹಾಗೆ ಅತ್ತಿಂದಿತ್ತ ಆಡತೊಡಗಿತು.

ಅಡಿಗೆಮನೆಯಿಂದ ಬಂದ ಮುಕ್ತಾಬಾಯಿ ಅದನ್ನು ನೋಡಿ ಗಡಬಡಿಸಿ ಕೈಯಿಂದ ಹಿಡಿದು ನಿಲ್ಲಿಸಿದಳು. "ಖಾಲಿ ಝೋಳಿ ತೂಗಬಾರದು" ಅಂತ ಗಂಟು ಬಿಚ್ಚತೊಡಗಿದಳು.

"ಇರ್ಲಿ ಬಿಡು ಮುಕ್ತಾ. ಮುಂದಿನ ಸಲ ಬರ್ತಾಳಲ್ಲ."

ಅವಳು ಸೀರೆಯನ್ನು ಎದೆಗೆ ಆನಿಸಿ ಮಡಿಕೆ ಹಾಕುತ್ತಲೇ ಹೇಳಿದಳು. "ಮೊದಲ್ನೇ ಬಾಣಂತನ ಒಂದೇ ಸಲ ಇರ್ತದ್ರಿ."

ಅಷ್ಟು ಹೇಳಿ, ಸೀರೆ ತೆಗೆದುಕೊಂಡು ಅಡಿಗೆಮನೆಗೆ ಹೋದಳು. ವೀರಭದ್ರ ಅಲ್ಲೇ ಕೂತ. ಅವನು ಊರಿಗೆಲ್ಲ ಹೇಳುತ್ತಿದ್ದ ಹಾಗೆಯೇ ಕೋಣೆ ತಂಪಾಗುತ್ತಿತ್ತು.