ಬೆಳಗಿದ ಕಾರು

ಉಂಗುರದೊಳಗೆ ಉಂಗುರ, ಅದರೊಳಗೆ ಇನ್ನೊಂದು, ಮೋಡ ಸರಿದು ಬಿಸಿಲು ಬಿದ್ದರೆ ಸಾಕು ಬಾನೆಟ್ಟಿನ ಮೇಲೆ ಅಷ್ಟೂ ಒಟ್ಟಿಗೆ ಎದ್ದು ಬರುತ್ತವೆ, ನೆರಳಾದರೆ ಮುಳುಗುತ್ತವೆ, ಹೊಳೆಯಲ್ಲಿ ಕಲ್ಲು ಬಿದ್ದ ಜಾಗದ ಹಾಗೆ — ಹೊಳೆ ಇಲ್ಲೇ ಹಿಂದೆ ಇದೆ, ಹರಿಹರಕ್ಕೆ ಬಂದರೆ ಅದು ಕಾಣದಿದ್ದರೂ ಗೊತ್ತಾಗುತ್ತದೆ, ಗಾಳಿ ಬೀಸಿದಾಗೆಲ್ಲ ಒದ್ದೆ ಮರಳಿನ ವಾಸನೆ, ಅದರ ಬೆನ್ನಿಗೇ ಕಾರಿಗೆ ಬಣ್ಣ ಕೊಡುವ ಬುಡನ್ ಸಾಬರ ಪೇಂಟಿನ ಡಬ್ಬಿಗಳ ಖಾರ ವಾಸನೆ, ಎರಡೂ ಕಲೆತು ತಲೆ ಸ್ವಲ್ಪ ಹಗುರಾಗಿದೆ, ಹಗ್ಗದ ಹೊರಸಿನ ಮೇಲೆ ಕೂತಿದ್ದೇನೋ ತೇಲುತ್ತಿದ್ದೇನೋ. ಒದ್ದೆ ಉಪ್ಪುಕಾಗದ ಬಣ್ಣದ ಮೇಲೆ ಹೋಗುವ ಸದ್ದು, ಸರ್, ಸರ್, ಎಳೆಕೂಸನ್ನು ಉಶ್ ಎಂದು ಮಲಗಿಸುವ ಹಾಗೆ. ಬುಡನ್ ಸಾಬರ ಕೈ ಸೀದಾ ಹೋಗುತ್ತದೆ, ಸೀದಾ ಬರುತ್ತದೆ. ಸುತ್ತಿ ತಿಕ್ಕಬಾರ್ದ್ರಿ ಅಮ್ಮಾ, ಸುತ್ತಿದ್ರೆ ಚಕ್ರ ಉಳೀತಾವೆ, ಬೊಂಬಾಯಿ ಗ್ಯಾರೇಜಿನಾಗೆ ನಮ್ಮ ಉಸ್ತಾದ್ ಕೈ ಮ್ಯಾಲೆ ಹೊಡೀತಿದ್ದ, ಈಗ್ಲೂ ಬೆರಳು ನೆನಸ್ಕೊಂತಾವೆ. ಅಲ್ಲಾ, ಇಷ್ಟು ಚಕ್ರ ಯಾರ್ ಬಿಡ್ಸಿದ್ರಿ, ರಂಗೋಲಿ ಹಾಕ್ದಂಗೆ ಐತೆ. ನಮ್ಮ ಮನೆಯ ನೀಲಕ್ಕ, ಅಂದೆ ನಾನು, ಪ್ರೀತಿಯಿಂದಲೇ ಮಾಡಿದ್ದು. ಪ್ರೀತಿ ಸ್ವಲ್ಪ ಜಾಸ್ತಿ ಆಗೈತೆ ಬಿಡ್ರಿ ಅಂದು ನಕ್ಕರು, ಹಲ್ಲಿನಲ್ಲಿ ಎಲೆಯಡಿಕೆ ಕೆಂಪು, ಕಾರಿನಷ್ಟೇ ಕೆಂಪು, ಆಮೇಲೆ ನಗು ನಿಲ್ಲಿಸಿ ಬಗ್ಗಿ ಬಾನೆಟ್ಟಿನ ನಡುವೆ ಹೆಬ್ಬೆರಳಾಡಿಸಿ ನೋಡಿದರು, ಜ್ವರ ನೋಡುವವರಂತೆ, ನನ್ನನ್ನು ಹೆದರಿಸಬಾರದೆಂದೇ ಇರಬೇಕು, ಕಾರಿನ ಬಾಗಿಲಿನ ಕಡೆ ಸರಿದು ತಿಕ್ಕತೊಡಗಿದರು.

ಬೆಳಗಬೇಕು. ಆ ಒಂದು ಮಾತಿನಿಂದ ಆದದ್ದು. ಆಯುಧ ಪೂಜೆಯ ಹಿಂದಿನ ದಿನ ಮೈದುನ ಏಕಾಂತಪ್ಪ ಜಗಲಿಯ ಮೇಲೆ ನಿಂತು ಗಾಳಿಗೆ ಹೇಳಿದಂತೆ ಹೇಳಿದ, ಅಣ್ಣ ಹೋದ ಮೇಲೆ ಮೊದ್ಲನೇ ಪೂಜೆ, ಅಣ್ಣನ ಕಾರು ನಾಳೆ ಫಳಫಳ ಬೆಳಗಬೇಕು. ಹೇಳಿದವನೇ ಒಳಗೆ ಹೋಗಿಬಿಟ್ಟ. ನೀಲಕ್ಕ ಹಿತ್ತಿಲಲ್ಲಿ ಹಬ್ಬದ ಕೊಡ, ತಂಬಿಗೆ, ದೀಪದ ಕಂಬ ಎಲ್ಲ ಹರವಿಕೊಂಡು ಕೂತಿದ್ದಳು, ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು, ಆ ಮಾತು ಅವಳ ಕಿವಿಗೂ ಬಿತ್ತು. ಅವಳು ಹುಟ್ಟಿದಾಗಿನಿಂದ ಬೆಳಗಿದ್ದೆಲ್ಲ ಅದರಲ್ಲೇ. ನಾನು ಚೆಂಡುಹೂ ಬಿಡಿಸಿಕೊಂಡು ಬಂದೆ, ಶೆಡ್ಡಿನ ಬಾಗಿಲು ತೆರೆದಿದೆ, ಅವಳು ಮೊಣಕೈವರೆಗೂ ಹುಣಸೆ ರಸ ಬಳಿದುಕೊಂಡು, ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡು, ನೋಡ್ರಿ ಅಮ್ಮಾರೆ, ಇನ್ನ ನೀರು ಹಾಕಿದ್ರೆ ಬಂಗಾರ, ಅನ್ನುತ್ತಾಳೆ, ಅವಳ ಮುಖವೇ ಬಂಗಾರವಾಗಿದೆ. ನೀರು ಹಾಕಿದಳು. ಒದ್ದೆಯಿರುವಷ್ಟು ಹೊತ್ತು ನಿಜಕ್ಕೂ ಹೊಳೆಯಿತು. ಆಮೇಲೆ ಆರುತ್ತ ಬಂತು, ಆರಿದಲ್ಲೆಲ್ಲ ಬೂದಿ ಬಳಿದಂತೆ ಮಂಕಾಯಿತು, ಮಂಕಿನೊಳಗಿಂದ ಉಂಗುರಗಳು, ಅವಳ ಅಂಗೈ ತಿರುಗಿದ ದಾರಿ ಪೂರ್ತಿ. ಏಕಾಂತಪ್ಪ ಬಂದು ನೋಡಿ, ಮುಸುರೆ ಪಾತ್ರೆ ಅಂತ ತಿಳ್ಕೊಂಡ್ಯೇನೇ, ಅಂದ. ಅವಳು ನೆಟ್ಟಗೆ ನಿಂತು, ಬೆಳಗಬೇಕು ಅಂದ್ರಲ್ರಿ ಸಣ್ಣೆಜಮಾನ್ರೆ, ಬೆಳಗಿದೆ, ಅಂದಳು. ಮೈಸೂರಿನ ಕಾಲೇಜಿನಲ್ಲಿ ನಮ್ಮ ಕನ್ನಡದ ಮೇಷ್ಟರು ಈ ಮಾತನ್ನು ಎಷ್ಟು ಬಗೆಯಾಗಿ ಬಿಡಿಸುತ್ತಿದ್ದರು, ಬೆಳಗು ಅಂದರೆ ಮುಂಜಾನೆ, ಬೆಳಗು ಅಂದರೆ ಹೊಳಪು, ದೀಪ ಬೆಳಗು, ಆರತಿ ಬೆಳಗು — ಮುಸುರೆ ಬೆಳಗು ಅಂತ ಅವರು ಹೇಳಿಕೊಡಲಿಲ್ಲ, ಅವರ ಮನೆಯಲ್ಲೂ ಯಾರೋ ಬೆಳಗುತ್ತಿದ್ದರು. ಸಂಜೆಯೊಳಗೆ ನೀಲಕ್ಕ ಬೆಳಗಿದ ಪಾತ್ರೆಯೆಲ್ಲ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿಟ್ಟು, ಒಲೆ ಸಾರಿಸಿ, ತನ್ನ ಊರು ಕೊಕ್ಕನೂರಿಗೆ ಹೊರಟುಬಿಟ್ಟಳು. ಆ ಕಾರಿನ ಮುಖ ಮೊದ್ಲಿನಂಗೆ ಆಗ್ಲಿ ಅಮ್ಮಾರೆ, ಆಮ್ಯಾಲೆ ನನ್ನ ಮುಖ ತೋರಿಸ್ತೀನಿ. ಕೈ ಹಿಡಿದುಕೊಂಡೆ, ಹುಣಸೆಹುಳಿಗೆ ಬೆರಳ ತುದಿ ನೆರಿಗೆ ಬಿದ್ದಿತ್ತು, ಮೆಲ್ಲಗೆ ಬಿಡಿಸಿಕೊಂಡಳು.

ಕಾರನ್ನು ಮೊದಲು ತಂದ ದಿನ ಅವಳೇ ಹೆಸರಿಟ್ಟಿದ್ದು, ಕೆಂಪು ಜೋಡು. ಇದೇನ್ರಿ ಯಜಮಾನ್ರೆ, ಕಾರು ಅಂದ್ರಿ, ಒಂಟಿ ಜೋಡು ತಂದೀರಿ, ಇನ್ನೊಂದು ಕಾಲಿಂದು ಎಲ್ಲಿ. ಮೇಲೆ ಚಾವಣಿ ಇಲ್ಲ, ಹಿಂದೆ ಸೀಟಿಲ್ಲ, ಉದ್ದ ಮೂತಿ, ದಾಳಿಂಬೆ ಹಣ್ಣಿನ ಕೆಂಪು, ಇವರಿದ್ದ ಹತ್ತಿ ಗಿರಣಿಯ ಇಂಗ್ಲಿಷ್ ಮ್ಯಾನೇಜರ್ ತನ್ನ ದೇಶಕ್ಕೆ ಹೊರಟಾಗ ಇವರಿಗೆ ಬಿಟ್ಟುಹೋದದ್ದು, ದಾವಣಗೆರೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಇವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಆಗ್ಲಿ ನೀಲಕ್ಕ, ಒಂದಿನ ನಿನ್ನೂ ಈ ಜೋಡಿನಾಗೆ ಕೂರಿಸ್ಕೊಂಡು ಕೊಕ್ಕನೂರಿಗೆ ಹೋಗೋಣ. ಎರಡೇ ಸೀಟು, ಅಮ್ಮಾರು ಒಂದು ನೀವೊಂದು, ನಾ ಏನು ಮೂತಿ ಮ್ಯಾಲೆ ಕೂಡ್ಲೇನು. ಪ್ರತಿ ವರ್ಷ ಅದೇ ಮಾತು ಅದೇ ಉತ್ತರ, ಆ ಮಾತು ಮಾತಾಗೇ ಉಳಿಯಿತು. ಗಿರಣಿಯ ಹಿಂದಿನ ಬಯಲಲ್ಲಿ ನನಗೆ ಸ್ಟೇರಿಂಗ್ ಹಿಡಿಯಲು ಕಲಿಸುತ್ತಿದ್ದಾರೆ, ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ಬಂದು ಅವರ ಮೀಸೆಗೆ ಅಂಟಿಕೊಂಡಿದೆ, ಈ ವಯಸ್ಸಿನಲ್ಲಿ ನೋಡಿದವರು ನಗುತ್ತಾರೆ ಅಂತ ನಾನು, ನಗ್ಲಿ ಬಿಡು, ನಗೋರು ದಾರಿ ಬಿಟ್ಟು ನಿಂತು ನಗ್ತಾರೆ, ನಮಗೇ ಅನುಕೂಲ. ಸಂಜೆ ಹರಿಹರದ ಸೇತುವೆವರೆಗೆ ಬರುತ್ತಿದ್ದೆವು, ಕೆಳಗೆ ನೀರು, ಮೇಲೆ ನನ್ನ ಸೆರಗು ನಿಲ್ಲದೆ ಹಾರಿ ಅವರ ಮುಖ ಮುಚ್ಚಿ, ಏ ಏನೂ ಕಾಣವಲ್ದು ಮಾರಾಯ್ತಿ, ಹೊಳೆಗೆ ಹೋಗ್ತೀವಿ — ಆ ಗಾಳಿ ಈಗಲೂ ಬೀಸುತ್ತಿದೆ, ಇದೇ ಗಾಳಿಯೇ. ಅವರು ಹೋದ ದಿನ ಮನೆ ತುಂಬ ಜನ, ಯಾರಿಗೆ ಯಾರೂ ನೆನಪಿಲ್ಲ, ಶೆಡ್ಡಿನ ಕಡೆ ನೋಡಿದರೆ ನೀಲಕ್ಕ ತಾನು ಹೊದೆಯುವ ಕೌದಿ ತಂದು ಕಾರಿಗೆ ಹೊದಿಸುತ್ತಿದ್ದಾಳೆ, ಹಳೆ ಸೀರೆಯ ಚೂರುಗಳ ಕೌದಿ, ನಾಲ್ಕು ಮೂಲೆ ಎಳೆದು, ಕಾಲು ಮುಚ್ಚುವ ಹಾಗೆ. ವರ್ಷಪೂರ್ತಿ ಅದರ ಮೇಲೆ ಇದ್ದದ್ದು ಅದೇ ಕೌದಿ. ಆ ಚಳಿಗಾಲ ಅವಳು ಏನು ಹೊದ್ದಳು, ನಾನು ಕೇಳಿದೆನೋ, ಕೇಳಿದೆ, ನಂಗೆ ಚಳಿ ಆಗಲ್ರಿ ಅಂದಳು, ಚಳಿಯಾಗದವರು ಯಾರಿದ್ದಾರೆ.

ಅಮ್ಮಾ ಚಹಾ ಆರ್ತೈತ್ರಿ. ಯಾರು — ಜೈನಾಬಿ, ಬುಡನ್ ಸಾಬರ ಹೆಂಡತಿ, ಒಂದು ಕ್ಷಣ ನೀಲಕ್ಕನ ಧ್ವನಿಯೆಂದೇ ಅನಿಸಿತು. ಬಂದ ಕೂಡಲೇ ಈಕೆ ಎಳನೀರು ತರಿಸಿದ್ದಳು, ನಮ್ಮ ಮನೆ ನೀರು ಕುಡೀತೀರೋ ಇಲ್ಲೋ ಎಂದು ಕೇಳಿ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸದೆ, ಸುಮ್ಮನೆ ಎಳನೀರು ಕೊಟ್ಟಳು, ಕುಡಿದೆ, ಚಹಾ ಇದ್ದರೆ ಅದನ್ನೂ ಕೊಡಮ್ಮ ಅಂದೆ, ಅವಳ ಕಣ್ಣು ಅರಳಿತು, ಇದೋ ಏಲಕ್ಕಿ ಹಾಕಿ ತಂದಿದ್ದಾಳೆ. ಹೊರಸನ್ನೂ ಬಿಸಿಲು ತಿರುಗಿದಂತೆಲ್ಲ ನೆರಳಿಗೆ ಎಳೆಯುತ್ತಾಳೆ, ನಾನು ಕೂತಿರುವಂತೆಯೇ, ದೋಣಿ ಎಳೆದ ಹಾಗೆ. ಬಾಗಿಲು ಮುಗಿದಿದೆ, ಹಿಂದಿನ ಮಡ್‌ಗಾರ್ಡು ಮುಗಿದಿದೆ, ಬೂದಿಯೊಳಗಿಂದ ದಾಳಿಂಬೆ ಮತ್ತೆ ಒಡೆದಂತೆ ಕೆಂಪು, ಅದರೊಳಗೆ ನನ್ನ ಬಿಳಿ ಕೂದಲು, ಹಿಂದೆ ಗೋಡೆ, ಗೋಡೆಯ ಮೇಲಿನ ಕೋಳಿ, ಎಲ್ಲ ಉದ್ದುದ್ದ. ಇನ್ನು ಬಾನೆಟ್ಟಿನ ನಡುಭಾಗ. ಬುಡನ್ ಸಾಬರು ಮೆತ್ತನೆಯ ಮಲ್‌ಮಲ್ ಬಟ್ಟೆ ಹೆಗಲಿಗೆ ಹಾಕಿಕೊಂಡು ನಿಂತುಬಿಟ್ಟಿದ್ದಾರೆ. ಅಮ್ಮಾ, ಹೇಳೇಬಿಡ್ತೀನಿ, ಇಲ್ಲಿ ಪೇಂಟು ಪತ್ಲಾ ಆಗೈತೆ, ಭಾಳ ತೆಳ್ಳಗೆ, ನಾ ಇನ್ನೊಂದು ಕೈ ಹಾಕಿದ್ರೆ ಒಳಗಿನ ಅಸ್ತರು, ಅಡಿ ಬಣ್ಣ, ಕಾಣ್ತೈತೆ, ಕಂಡ್ರೆ ಮುಗೀತು, ಈ ಕೆಂಪು ಈಗ ಎಲ್ಲೂ ಸಿಗಂಗಿಲ್ಲ, ನಡುವಿನ ಚಕ್ರ ಉಳಿದೇ ಉಳೀತಾವೆ, ಮೇಣ ಕುಡಿಸ್ತೀನಿ, ನೆರಳಿನಾಗೆ ಕಾಣಲ್ಲ, ಬಿಸಿಲಿಗೆ ಕಾಣ್ತಾವೆ, ಏನ್ಮಾಡ್ಲಿ. ಮೊದಲಿನ ಹಾಗೆ ಆಗಬೇಕು ಅಂದಿದ್ದಳು ಅವಳು. ಮೊದಲಿನ ಹಾಗೆ ಆಗುವುದಿಲ್ಲ. ಬಿಸಿಲಿಗೇ ಬರುತ್ತಾಳೆ, ಮಧ್ಯಾಹ್ನದ ಬಸ್ಸಿಗೆ, ಬಂದರೆ, ಕಣ್ಣೂ ಚುರುಕು, ತಂಬಿಗೆಯ ಕಂಠದ ಕಿಲುಬು ಹಿಡಿಯುವ ಕಣ್ಣು. ಸಾಕು ನಿಲ್ಲಿಸಿ ಬುಡನ್ ಸಾಬರೇ, ಮೇಣ ಹಾಕಿ ಅಂದೆ, ಅನ್ನುವಾಗ ನನ್ನ ಧ್ವನಿ ನನಗೇ ದೂರದಿಂದ ಕೇಳಿಸಿತು.

ನೀಲಕ್ಕನ ಅಣ್ಣ ಉಚ್ಚೆಂಗಪ್ಪನ ಕೈಯಲ್ಲಿ ಹೇಳಿ ಕಳಿಸಿದ್ದೆ, ಕಾರು ಇಂಥ ದಿನ ಹರಿಹರದಲ್ಲಿರುತ್ತದೆ, ಬಂದು ನೀನೇ ನೋಡು ಅಂತ. ಹೇಳ್ತೀನ್ರಿ, ಬಂದ್ರೆ ಬಂದ್ಲು, ಎಮ್ಮೆ ಆಗಿದ್ರೆ ಹಗ್ಗ ಹಾಕಿ ಎಳ್ಕೊಂಡು ಬರ್ತಿದ್ದೆ, ಆಕಿ ಎಮ್ಮೆಗಿಂತ ಹಟ, ಅಂದಿದ್ದ. ಏಕಾಂತಪ್ಪ ಬೆಳಿಗ್ಗೆ ನನ್ನನ್ನು ಇಲ್ಲಿಗೆ ಇದೇ ಕಾರಿನಲ್ಲಿ ತಂದು ಬಿಟ್ಟ, ಇಳಿದು ಕೀಲಿ ನನ್ನ ಅಂಗೈಯಲ್ಲಿಟ್ಟ, ನಾ ಬಸ್ಸಿಗೆ ಹೋಗ್ತೀನಿ ಅತ್ತಿಗೆ, ಎರಡೇ ಸೀಟಲ್ಲ, ಆಕಿ ಬಂದ್ರೆ ಕೂಡಾಕೆ ಜಾಗ ಬೇಕಲ್ಲ. ಅಷ್ಟೇ. ಅವನು ಹೋದ ಮೇಲೆ ನೋಡುತ್ತೇನೆ, ನಾನು ಇಳಿದ ಎಡಗಡೆ ಸೀಟಿನ ಮೇಲೆ ಅವಳ ಕೌದಿ, ಮಡಿಸಿ ಮೆತ್ತೆ ಮಾಡಿ ಇಟ್ಟಿದ್ದಾನೆ, ಮಡಿಸಲು ಬಾರದ ಗಂಡಸಿನ ಮಡಿಕೆ, ಒಂದು ಮೂಲೆ ಹೊರಗೆ. ಅವನ ಅಣ್ಣನೂ ಹೀಗೇ ಮಡಿಸುತ್ತಿದ್ದರು. ಬಸ್ಸು ಬಂದ ಸದ್ದು, ಹೋದ ಸದ್ದು, ಧೂಳು, ಧೂಳಿನ ನಡುವೆ ಯಾರೂ ಇಲ್ಲ, ಯಾರೂ ಇಲ್ಲ, ಬೇಲಿಯ ಆಚೆ ಹಸಿರು ಸೀರೆಯೊಂದು ನಿಂತಿದೆ, ಬಹಳ ಹೊತ್ತಿನಿಂದ ಅಲ್ಲೇ ಇದ್ದಂತೆ. ನೀಲಕ್ಕ, ನಾನು ಹೊರಸಿನಿಂದ ಏಳುವಷ್ಟರಲ್ಲಿ ಜೈನಾಬಿಯೇ, ಬರ್ರಿ ಅಕ್ಕಾ, ಕೂಡ್ರಿ, ಬಿಸ್ಲಾಗೆ ಯಾಕ ನಿಂತೀರಿ. ಬಂದಳು. ನನ್ನನ್ನು ನೋಡಲಿಲ್ಲ, ಕಾರಿನ ಸುತ್ತ ನಡೆದಳು, ಮಡ್‌ಗಾರ್ಡು ನೋಡಿದಳು, ಬಾಗಿಲಿನೊಳಗೆ ತನ್ನ ಮುಖ ಕಂಡು ತಲೆಯ ಮೇಲೆ ಸೆರಗೆಳೆದುಕೊಂಡಳು, ಬಾನೆಟ್ಟಿನ ಹತ್ತಿರ ನಿಂತಳು. ಮೋಡ ಇತ್ತು, ಇರಲಿ, ಇನ್ನೊಂದು ಗಳಿಗೆ ಇರಲಿ, ಸರಿದುಬಿಟ್ಟಿತು. ಇಲ್ಲಿ ಇನ್ನ ಐತಲ್ರಿ ಅಂದಳು ಮೆಲ್ಲಗೆ, ಬೆರಳು ನೆಟ್ಟಗೆ ನಡುವಿಗೆ. ಒಂದು ಹೆಜ್ಜೆ ಹಿಂದೆ ಇಟ್ಟಳು, ಆ ಹೆಜ್ಜೆ ನನ್ನ ಎದೆಯ ಮೇಲೆ ಬಿತ್ತು. ಬುಡನ್ ಸಾಬರು ಕೈ ಒರೆಸಿಕೊಳ್ಳುತ್ತ, ಅದಾ, ಅದು ಬೇಕಂತಲೇ ಬಿಟ್ಟಿದ್ದು ತಾಯಿ, ದೃಷ್ಟಿ ಬೊಟ್ಟು, ಇಷ್ಟು ಚಂದ ಗಾಡಿಗೆ ಕಣ್ಣು ತಾಗಬಾರ್ದಲ್ಲ, ಅಂದರು, ಸುಳ್ಳನ್ನು ಅಷ್ಟು ಮುದ್ದಾಗಿ ಹೇಳಿ ನನ್ನ ಕಡೆ ನೋಡದೆ ಡಬ್ಬಿಯ ಮುಚ್ಚಳ ಹಾಕಿದರು. ಹೌದೇನ್ರಿ ಅಮ್ಮಾರೆ. ಹೂಂ ಅಂದೆ. ಅವಳ ಮೂಗಿನಿಂದ ನಗುವೋ ನಿಟ್ಟುಸಿರೋ ಹೊರಟಿತು, ದೃಷ್ಟಿ ಬೊಟ್ಟು ಇಷ್ಟು ದೊಡ್ಡದಾ, ಬಂಡಿ ಗಾಲಿ ಆಗೈತೆ, ಸೀಟಿನ ಕಡೆ ಕತ್ತು ಚಾಚಿ, ನನ್ನ ಕೌದಿ ಯಾರ್ರಿ ಹಿಂಗೆ ಮಡಿಸಿದ್ದು, ಮೂಲೆ ಒಳಗೆ ತುರುಕಿದಳು, ತಟ್ಟಿದಳು. ಬಸ್ಸು ಎಬ್ಬಿಸಿದ ಧೂಳು ಮೆಲ್ಲಗೆ ಇಳಿಯುತ್ತಿತ್ತು, ಹೊಸ ಹೊಳಪಿನ ಮೇಲೆ ಒಂದೊಂದೇ ಕಣ, ಅವಳು ನೋಡಿದಳು, ನೋಡಬಾರದಿತ್ತು, ನೋಡಲಿ, ಅಯ್ಯ ಧೂಳು ಕೂಡ್ತೈತಲ್ರಿ ಅನ್ನುತ್ತಾಳೆ, ಯಾರಿಗೂ ಅಲ್ಲ, ಸೆರಗಿನ ತುದಿ ಆಗಲೇ ಅಂಗೈಯೊಳಗೆ ಬಂದಿದೆ, ಬುಡನ್ ಸಾಬರು ಬಾಯಿ ತೆರೆಯುತ್ತಾರೆ, ಸೀದಾ ಅನ್ನಲು, ನಾನು ಅವರ ಕಡೆ ಕೈ ಎತ್ತುತ್ತೇನೆ, ಬೇಡ, ಬಿಡಿ, ಬಿಸಿಲು, ಬಾನೆಟ್ಟು, ಅವಳ ಕೈ, ಸುತ್ತ, ಸುತ್ತ, ಉಂಗುರದೊಳಗೆ ಉಂಗುರ